ಆರು ಗೀರಿನ ಬೋಲ್ಟು

ಸೋಮವಾರ ಬೆಳಿಗ್ಗೆ ಒಂಬತ್ತು ಗಂಟೆಗೆ ಶೆರಿಫ್ ಕಚೇರಿಯ ಡೆಪ್ಯುಟಿ ಬಂದು ಅಡುಗೆಮನೆಯ ಮೇಜಿನ ಮುಂದೆ ಕೂತ. ಬೂಟಿಗಂಟಿದ ಹಿಮ ಕರಗಿ ಚಾಪೆ ಒದ್ದೆಯಾಗುವಷ್ಟು ಹೊತ್ತು ಇದ್ದ. ಕೇಳಿದ್ದು ಮಾತ್ರ ಒಂದೇ ವಿಷಯ.

"ಮೊದಲ್ನೇ ಪಿನ್ನು ಮುರಿದಿದ್ದು ಯಾವತ್ತು, ವಿಲ್ಹೊ?"

"ಶುಕ್ರವಾರ. ಬೆಳಿಗ್ಗೆ ಏಳೂ ಹತ್ತಕ್ಕೆ."

"ಗಡಿಯಾರ ನೋಡಿದ್ರಾ?"

"ರೂಡಿ ಮನೆ ದಾರಿಗೆ ನಾನು ಏಳಕ್ಕೆ ಹೋಗ್ತೀನಿ. ದಿನಾ."

ಡೆಪ್ಯುಟಿ ಬರೆದುಕೊಂಡ. ವಿಲ್ಹೊ ಕಾರ್ವಕ್ಕೊನ ತಮ್ಮ ರೂಡಿ ಎಷ್ಟು ಗಂಟೆ ನೆಲದ ಮೇಲೆ ಬಿದ್ದಿದ್ದ ಎಂಬುದು ಆಸ್ಪತ್ರೆಯವರಿಗೆ ಬೇಕಾಗಿತ್ತು. ವಿಲ್ಹೊನ ಹಿಮ ತೆಗೆಯುವ ಯಂತ್ರದ ಪಿನ್ನು ಮುರಿದ ಹೊತ್ತಿನಿಂದ ಅದನ್ನು ಲೆಕ್ಕ ಹಾಕಬಹುದಿತ್ತು. ಅದರ ಬೆನ್ನಿಗೆ ಇನ್ನೊಂದು ಪ್ರಶ್ನೆ ಬಂದೇ ಬರುತ್ತದೆಂದು ವಿಲ್ಹೊ ಹಿಂದಿನ ರಾತ್ರಿಯೆಲ್ಲ ಒಂದು ಉತ್ತರವನ್ನು ಜೋಡಿಸಿ ಇಟ್ಟುಕೊಂಡಿದ್ದ. ಡೆಪ್ಯುಟಿ ಅದನ್ನು ಕೇಳಲಿಲ್ಲ. ವಿಲ್ಹೊನ ಹೆಂಡತಿ ಐಲಿ ಕೊಟ್ಟ ಕಾಫಿ ಕುಡಿದು, ಟೋಪಿ ಹಾಕಿಕೊಂಡು ಹೊರಟುಹೋದ.

ಸಾಲ್ಮೆ ರಸ್ತೆಯಲ್ಲಿ ಇರುವುದು ಆರು ಮನೆ. ಸುಪೀರಿಯರ್ ಸರೋವರ ಅಲ್ಲಿಂದ ಮೂರು ಮೈಲಿ. ಗಾಳಿ ಆ ಕಡೆಯಿಂದ ತಿರುಗಿತೆಂದರೆ ಹಿಮ ಬಿದ್ದೇ ಬೀಳುತ್ತದೆ. ಆ ವರ್ಷ ಜನವರಿ ಮುಗಿಯುವ ಮೊದಲೇ ನೂರ ನಲವತ್ತು ಇಂಚು ಬಿದ್ದಿತ್ತು. ದೊಡ್ಡ ರಸ್ತೆಯ ಹಿಮವನ್ನು ಕೌಂಟಿಯ, ಎಂದರೆ ಜಿಲ್ಲಾಡಳಿತದ, ಲಾರಿ ಪಕ್ಕಕ್ಕೆ ತಳ್ಳುತ್ತದೆ. ಅಲ್ಲಿಂದ ಒಂದೊಂದು ಮನೆಗೆ ಹೋಗುವ ದಾರಿಯನ್ನು ತೆರೆಯುವುದು ಯಂತ್ರ ಇದ್ದವನ ಪಾಲು. ಇದು ಯಾರೂ ಬರೆದಿಡದ ಕಾನೂನು. ಮಾತು ಬಿಡಬಹುದು, ಮದುವೆಗೆ ಕರೆಯದೆ ಇರಬಹುದು. ಆದರೆ ಹಿಮ ಬಿದ್ದ ಬೆಳಿಗ್ಗೆ ಒಬ್ಬನ ದಾರಿಯನ್ನು ಹಾಗೆಯೇ ಬಿಟ್ಟು ಮುಂದೆ ಹೋದವನು ಆಮೇಲೆ ಆ ಊರಿನಲ್ಲಿ ಮುಖ ಎತ್ತಿ ಓಡಾಡುವಂತಿಲ್ಲ.

ಸಾಲ್ಮೆ ರಸ್ತೆಯಲ್ಲಿ ಯಂತ್ರ ಇದ್ದದ್ದು ವಿಲ್ಹೊನ ಬಳಿ. ಮೂವತ್ತು ವರ್ಷ ಹಳೆಯ ಟ್ರಾಕ್ಟರು, ಅದರ ಬೆನ್ನಿಗೆ ಸಿಕ್ಕಿಸಿದ ಹಿಮದ ಬ್ಲೋವರು. ಟ್ರಾಕ್ಟರನ್ನು ಹಿಮ್ಮುಖವಾಗಿ ಓಡಿಸಬೇಕು. ಬ್ಲೋವರಿನ ಬಾಯಲ್ಲಿ ತಿರುಗುವ ಉಕ್ಕಿನ ಸುರುಳಿ ಹಿಮವನ್ನು ಅಗಿದು ಒಳಗೆ ಎಳೆದುಕೊಳ್ಳುತ್ತದೆ, ಹಿಂದಿನ ಫ್ಯಾನು ಅದನ್ನು ಸೊಂಡಿಲಿನಂಥ ಕೊಳವೆಯಿಂದ ನಲವತ್ತು ಅಡಿ ದೂರಕ್ಕೆ ಉಗುಳುತ್ತದೆ. ಸುರುಳಿಗೂ ಅದನ್ನು ತಿರುಗಿಸುವ ಶಾಫ್ಟಿಗೂ ನಡುವೆ ಕಿರುಬೆರಳಿಗಿಂತ ಸಣ್ಣದೊಂದು ಬೋಲ್ಟು. ಅದಕ್ಕೆ ಪಿನ್ನು ಎನ್ನುತ್ತಾರೆ. ಕಲ್ಲೋ ಮರದ ತುಂಡೋ ಬಾಯಿಗೆ ಸಿಕ್ಕಿದರೆ ಮುರಿಯುವುದೇ ಅದರ ಕೆಲಸ. ಅದು ಮುರಿದರೆ ಸುರುಳಿ ನಿಲ್ಲುತ್ತದೆ, ಮಿಕ್ಕದ್ದು ಉಳಿಯುತ್ತದೆ. ಅದಕ್ಕೇ ಅದು ಮೆದು ಉಕ್ಕಿನದಿರಬೇಕು. ತಲೆ ನೋಡಿದರೆ ಗೊತ್ತಾಗುತ್ತದೆ: ಮೆದು ಬೋಲ್ಟಿನ ತಲೆ ಬೋಳು. ಮೂರು ಗೀರಿದ್ದರೆ ಗಟ್ಟಿ. ಆರು ಗೀರಿದ್ದರೆ, ಅದು ಮುರಿಯುವ ಮೊದಲು ಬೇರೆ ಎಲ್ಲವೂ ಮುರಿಯುತ್ತದೆ.

ನಾಲ್ಕು ವರ್ಷದ ಹಿಂದೆ ಆ ಬ್ಲೋವರು ಅಣ್ಣತಮ್ಮಂದಿರಿಬ್ಬರದೂ ಆಗಿತ್ತು. ಫೆಬ್ರವರಿಯ ಒಂದು ಮಧ್ಯಾಹ್ನ ರೂಡಿ ಓಡಿಸುತ್ತಿದ್ದಾಗ ಅದರ ಗೇರ್‌ಬಾಕ್ಸು ಒಡೆಯಿತು. ಬಿಚ್ಚಿ ನೋಡಿದರೆ ಪಿನ್ನಿನ ಜಾಗದಲ್ಲಿ ಆರು ಗೀರಿನ ಬೋಲ್ಟು. ವಿಲ್ಹೊ ಅದನ್ನು ಸುಲೊನ ಹಾರ್ಡ್‌ವೇರ್ ಅಂಗಡಿಗೆ ಒಯ್ದು, ನಾಲ್ಕು ಜನರೆದುರು ತಮ್ಮನ ಮುಂದೆ ಹಿಡಿದು, "ಮರ ಕಡಿಯೋದು ಬಿಟ್ಟು ನಿನಗೆ ಬೇರೇನೂ ಬರಲ್ಲ. ತಲೆ ನೋಡಿ ಹಾಕೋಷ್ಟು ತಲೆ ಇಲ್ಲ" ಅಂದಿದ್ದ. "ಅದು ನಿನ್ನ ಡಬ್ಬಿಲಿದ್ದ ಬೋಲ್ಟು, ಅದಕ್ಕೆ ಹಾಕಿಟ್ಟೋನು ನೀನೇ" ಎಂದು ರೂಡಿ ಅಂದ. ಆವತ್ತಿನಿಂದ ಇಬ್ಬರಿಗೂ ಮಾತಿಲ್ಲ. ಹೊಸ ಗೇರ್‌ಬಾಕ್ಸು ಹಾಕಿಸಿ ಬ್ಲೋವರನ್ನು ವಿಲ್ಹೊನೇ ಇಟ್ಟುಕೊಂಡ.

ಎರಡು ತಿಂಗಳ ಮೇಲೆ, ಹಿಮ ಕರಗುವ ಕಾಲದಲ್ಲಿ, ವಿಲ್ಹೊ ಶೆಡ್ಡಿನಲ್ಲಿದ್ದ ಕಾಫಿಡಬ್ಬಿಯನ್ನು ಬಗ್ಗಿಸಿ ಬೋಲ್ಟುಗಳನ್ನು ಬೇರ್ಪಡಿಸಿದ. ಅವುಗಳ ನಡುವೆ ಆರು ಗೀರಿನವು ಐದು ಸಿಕ್ಕವು. ರಸ್ತೆ ಕೆಲಸದಲ್ಲಿದ್ದಾಗ ಲಾರಿಯ ಹಿಮ ತಳ್ಳುವ ಹಲಗೆಗೆಂದು ತಂದಿದ್ದನ್ನು ಅದೇ ಡಬ್ಬಿಗೆ ಹಾಕಿದವನು ತಾನೇ. ನೋಡಿದ, ಮತ್ತೆ ಡಬ್ಬಿಗೆ ಸುರಿದ, ಮುಚ್ಚಳ ಹಾಕಿದ. ಐಲಿಗೂ ಹೇಳಲಿಲ್ಲ. ಆಮೇಲೆ ಬಂದ ಚಳಿಗಾಲಗಳಲ್ಲೆಲ್ಲ ಬೆಳಿಗ್ಗೆ ಅವನು ಮೊದಲು ತೆರೆಯುತ್ತಿದ್ದದ್ದು ರೂಡಿಯ ದಾರಿಯನ್ನೇ. ಮುನ್ನೂರು ಅಡಿ, ಅಂಚು ಕತ್ತರಿಸಿದ ಹಾಗೆ ನೇರ. ಕೆಲಸ ಮಾಡುವಷ್ಟು ಹೊತ್ತೂ ಕತ್ತು ತಿರುಗಿಸಿ ಬ್ಲೋವರನ್ನೇ ನೋಡುತ್ತಿದ್ದ; ಮನೆಯ ಕಡೆ ಒಮ್ಮೆಯೂ ನೋಡುತ್ತಿರಲಿಲ್ಲ. ಕಿಟಕಿಯಲ್ಲಿ ತಮ್ಮ ನಿಂತಿದ್ದರೆ ಏನು ಮಾಡುವುದೆಂದು ಅವನಿಗೆ ಗೊತ್ತಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ರೂಡಿಯ ದಾರಿಯ ಬಾಯಲ್ಲೇ ಪಿನ್ನು ಟಪ್ಪೆಂದಿತು. ವಿಲ್ಹೊ ಇಂಜಿನ್ ನಿಲ್ಲಿಸಿ ಇಳಿದ. ಸುರುಳಿಯ ಹಲ್ಲಿಗೆ ಸಿಕ್ಕಿದ್ದು ಹಿಂದಿನ ಸಂಜೆಯ ಪೇಪರು. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ್ದ ಅದು ನೆನೆದು, ಹೆಪ್ಪುಗಟ್ಟಿ, ಸೌದೆಯ ಹಾಗಾಗಿತ್ತು. ಕಿತ್ತು ದಿಬ್ಬದ ಮೇಲೆ ಎಸೆದ. ತಂಬಾಕಿನ ಡಬ್ಬಿಯಿಂದ ಹೊಸ ಪಿನ್ನು ತೆಗೆದು, ಕಬ್ಬಿಣದ ಸಲಾಕೆಯಿಂದ ಸುರುಳಿಯನ್ನು ತಿರುಗಿಸಿ ಎರಡು ತೂತುಗಳನ್ನು ಒಂದಕ್ಕೊಂದು ಕೂಡಿಸಿ, ಒಳಗುಳಿದ ತುಂಡನ್ನು ಸುತ್ತಿಗೆಯಿಂದ ಹೊಡೆದು ಹೊರಹಾಕಿದ. ಸೊನ್ನೆಗಿಂತ ಹನ್ನೆರಡು ಡಿಗ್ರಿ ಕೆಳಗಿನ ಚಳಿ. ಗ್ಲೌಸು ತೆಗೆಯದೆ ನಟ್ಟು ಹಿಡಿಯಲಾಗದು; ತೆಗೆದರೆ ಬೆರಳು ನಿಲ್ಲದು. ಹತ್ತು ನಿಮಿಷ ಹಿಡಿಯಿತು.

ಒಂದು ಪೇಪರಿಗೆ ಒಂದು ಪಿನ್ನು ಎನ್ನುವುದು ದೊಡ್ಡ ವಿಷಯವಲ್ಲ. ಆದರೆ ರೂಡಿ ಪೇಪರನ್ನು ನೆಲಕ್ಕೆ ಬೀಳಲು ಬಿಡುವವನಲ್ಲ. ದಿನವೂ ನಾಲ್ಕು ಗಂಟೆಗೆ ದಾರಿಯ ಬಾಯಿಗೆ ಬಂದು ನಿಂತು, ಪೇಪರ್ ಹಾಕುವ ಡೋರೀನಳ ಕಾರಿನ ಕಿಟಕಿಯಿಂದಲೇ ಕೈಗೆ ಇಸಕೊಳ್ಳುತ್ತಿದ್ದ. ಇದು ರಸ್ತೆಗೆಲ್ಲ ಗೊತ್ತು.

ಶನಿವಾರವೂ ಅದೇ ಜಾಗ, ಅದೇ ಟಪ್ಪೆಂಬ ಸದ್ದು, ಶುಕ್ರವಾರದ ಪೇಪರು. ವಿಲ್ಹೊ ಬೈಯುತ್ತ ಇಳಿದ. ಈ ಸಲ ಒಳಗಿನ ತುಂಡು ಬಿಗಿಯಾಗಿ ಕೂತಿತ್ತು. ಸುತ್ತಿಗೆಯಿಂದ ಹದಿನೈದಿಪ್ಪತ್ತು ಏಟು ಹೊಡೆಯಬೇಕಾಯಿತು. ಅವನು ಹೊಡೆಯುವಾಗ ಮನೆಯ ಕಡೆಯಿಂದ ಅದರ ಮರುದನಿ ಠಣ್ ಠಣ್ ಎಂದು ಬರುತ್ತಿತ್ತು. ಅವನು ನಿಲ್ಲಿಸಿದ ಮೇಲೂ ಒಂದೆರಡು ಸಲ ಬಂದ ಹಾಗಾಯಿತು. ಕಿವಿ ಮುಚ್ಚಿದ್ದ ಟೋಪಿಯನ್ನು ಅವನು ಎತ್ತಲಿಲ್ಲ. ತಲೆಯನ್ನೂ ಎತ್ತಲಿಲ್ಲ.

ಅಲ್ಲಿಂದ ನೇರ ಸುಲೊನ ಅಂಗಡಿಗೆ ಹೋದ.

"ಏನೋ ವಿಲ್ಹೊ, ಪಿನ್ನನ್ನ ಕಡಲೆಕಾಯಿ ಥರ ತಿಂತಿದೀಯಾ?" ಎಂದು ಸುಲೊ ನಕ್ಕ. "ಹೋದ ತಿಂಗಳು ತಾನೆ ಆರು ತಗೊಂಡು ಹೋದೆ."

"ಎರಡು ಕೊಡು, ಸಾಕು. ಬೋಳುತಲೇದು."

"ನನ್ನಂಥದ್ದು ಅನ್ನು." ಸುಲೊ ತನ್ನ ತಲೆಯ ಮೇಲೆ ಕೈಯಾಡಿಸಿ, ಎರಡು ಪಿನ್ನು ಎಣಿಸಿ ಇಟ್ಟ. ಅಲ್ಲಿಗೇ ಬಿಡಬಹುದಿತ್ತು, ಆದರೆ ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ, ಸುಲೊನಿಗೆ ಮಾತು ಬೇಕಿತ್ತು. "ಹೋದ ವಾರ ರೂಡಿ ಬಂದಿದ್ದ ಕಣೋ. ಒಂಥರಾ ಪ್ರಶ್ನೆ ಕೇಳ್ದ."

"ಏನಂತೆ?"

"ವಿಲ್ಹೊ ಯಾವತ್ತಾದ್ರೂ ನಿನ್ನ ಹತ್ರ ಆರು ಗೀರಿನ ಬೋಲ್ಟು ಕೊಂಡಿದ್ನಾ ಅಂತ. ನನ್ನ ಹತ್ರ ಕೊಂಡಿಲ್ಲಪ್ಪ, ಅವನಿಗೆ ರಸ್ತೆ ಇಲಾಖೆ ಗ್ಯಾರೇಜೇ ಇತ್ತಲ್ಲ ಅಂದೆ. ತಪ್ಪಾಯ್ತಾ?"

"ನನಗೇನು? ಏನ್ ಬೇಕಾದ್ರೂ ಹೇಳ್ಕೋ" ಎಂದು ವಿಲ್ಹೊ ಪಿನ್ನುಗಳನ್ನು ಜೇಬಿಗೆ ಹಾಕಿಕೊಂಡ.

ಕಳ್ಳನ ಮನಸ್ಸು ಹುಳ್ಳುಳ್ಳಗೆ. ಮನೆ ತಲುಪುವ ಹೊತ್ತಿಗೆ ಲೆಕ್ಕವೆಲ್ಲ ಕೂಡಿಬಂದಿತ್ತು: ರೂಡಿಗೆ ನಿಜ ಗೊತ್ತಾಗಿದೆ. ಬಾಯಿಬಿಟ್ಟು ಹೇಳುವವನಲ್ಲ. ದಿನಕ್ಕೊಂದು ಪೇಪರನ್ನು ದಾರಿಯಲ್ಲಿ ಬಿಡುತ್ತಾನೆ, ದಿನಕ್ಕೊಂದು ಪಿನ್ನು ಮುರಿಸುತ್ತಾನೆ, ಚಳಿಯಲ್ಲಿ ಮಂಡಿಯೂರಿ ತೂತು ಹುಡುಕುವ ಅಣ್ಣನನ್ನು ಕಿಟಕಿಯಿಂದ ನೋಡುತ್ತ ಕಾಫಿ ಕುಡಿಯುತ್ತಾನೆ.

ಆವತ್ತು ಸಂಜೆ ಸೌನಾದಲ್ಲಿ ಹಬೆಸ್ನಾನ ಮುಗಿಸಿ ಬಂದು, ಕೂದಲು ಒರೆಸಿಕೊಳ್ಳುತ್ತ ಐಲಿ ಕಿಟಕಿಯ ಹತ್ತಿರ ನಿಂತಳು. ಶನಿವಾರ ಸಂಜೆ ಆ ರಸ್ತೆಯ ಆರೂ ಮನೆಯ ಸೌನಾಗಳ ಕೊಳವೆಯಲ್ಲಿ ಹೊಗೆ ಏಳುತ್ತದೆ.

"ರೂಡಿ ಸೌನಾದಲ್ಲಿ ಹೊಗೆ ಇಲ್ಲ" ಅಂದಳು.

"ಈ ಗಾಳೀಲಿ ಹೊಗೆ ಎಲ್ಲಿ ಕಾಣುತ್ತೆ?"

"ಅದರಾಚೆ ಹಿಲ್ಯಾ ಮನೇದು ಕಾಣ್ತಿದೆ."

"ಅವನು ಸ್ನಾನ ಮಾಡ್ಲಿಲ್ಲ ಅಂದ್ರೆ ನಾನು ಹೋಗಿ ಬೆನ್ನುಜ್ಜಲಾ?"

"ಅಣ್ಣ ಅಂತ ಇದ್ದೋನು ಉಜ್ಜಿದ್ರೆ ತಪ್ಪೇನಿಲ್ಲ" ಎಂದು ಐಲಿ ಪರದೆ ಎಳೆದಳು. ನಾಲ್ಕು ವರ್ಷದಿಂದ ಈ ಮಾತು ಇಲ್ಲಿಗೇ ನಿಲ್ಲುತ್ತಿತ್ತು, ಆವತ್ತೂ ನಿಂತಿತು.

ಭಾನುವಾರ ಬೆಳಿಗ್ಗೆ ಆರೂವರೆಗೆ ವಿಲ್ಹೊ ಶೆಡ್ಡಿಗೆ ಹೋಗಿ ದೀಪ ಹಾಕಿದ. ಬ್ಲೋವರಿನಲ್ಲಿದ್ದ ಪಿನ್ನು ಚೆನ್ನಾಗಿತ್ತು. ಜೇಬಿನಲ್ಲಿ ಎರಡು ಹೊಸವಿದ್ದವು. ಅವನು ಮೇಲಿನ ಹಲಗೆಯಿಂದ ಕಾಫಿಡಬ್ಬಿ ಇಳಿಸಿ, ಬೆರಳಾಡಿಸಿ, ಒಂದು ಬೋಲ್ಟು ಆರಿಸಿದ. ತಲೆಯ ಮೇಲೆ ಆರು ಗೀರು, ನಕ್ಷತ್ರದ ಹಾಗೆ. ಬೆಚ್ಚಗಿನ ಶೆಡ್ಡಿನಲ್ಲಿ ಪಿನ್ನು ಬದಲಿಸಲು ನಾಲ್ಕು ನಿಮಿಷ ಸಾಕಾಯಿತು. ಮಾಡುತ್ತಿರುವುದೇನೆಂದು ಅವನಿಗೆ ಗೊತ್ತಿತ್ತು. ರಸ್ತೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಇದೇ ಕೆಲಸ ಮಾಡಿದವನು. ಹೊಸಬರಿಗೆ ಇದನ್ನೇ ಮಾಡಬೇಡಿ ಎಂದು ಹೇಳಿಕೊಟ್ಟವನು. ಒಂದು ಪೇಪರಿಗೆ ಗೇರ್‌ಬಾಕ್ಸೇನೂ ಒಡೆಯದು ಎಂದು ತನಗೆ ತಾನೇ ಹೇಳಿಕೊಂಡ. ಇವತ್ತು ಮಾತ್ರ ಇಳಿಯುವುದಿಲ್ಲ. ನೋಡಲಿ ಅವನು.

ಏಳೂ ಹತ್ತಕ್ಕೆ ಸುರುಳಿ ಶನಿವಾರದ ಪೇಪರನ್ನು ಹಿಡಿಯಿತು. ಜಾಹೀರಾತಿನ ಹಾಳೆಗಳು ಸೇರಿದ, ವಾರದಲ್ಲೇ ದಪ್ಪನೆಯ ಪೇಪರು ಅದು. ಇಂಜಿನ್ ಒಮ್ಮೆ ಮುಕ್ಕಿರಿಯಿತು, ಟ್ರಾಕ್ಟರಿನ ಮೈ ನಡುಗಿತು. ಬೋಲ್ಟು ಅಲುಗಲಿಲ್ಲ. ಮರುಕ್ಷಣ ಸೊಂಡಿಲಿನಿಂದ ಬಣ್ಣದ ಚೂರುಗಳು ಹಾರಿ ಬಿಳಿ ದಿಬ್ಬದ ಮೇಲೆಲ್ಲ ಚೆಲ್ಲಿದವು.

"ಈಗ ಓದ್ಕೋ!" ಎಂದು ವಿಲ್ಹೊ ಗಟ್ಟಿಯಾಗಿ ಕೂಗಿದ. ಮುನ್ನೂರು ಅಡಿ ಹೋಗಿ, ಮುನ್ನೂರು ಅಡಿ ಬಂದ. ಕತ್ತು ಬ್ಲೋವರಿನ ಕಡೆಗೇ ಇತ್ತು. ನಾಲ್ಕು ವರ್ಷದಲ್ಲಿ ಅಷ್ಟು ಹಗುರವಾಗಿ ಅವನು ಆ ದಾರಿ ಮುಗಿಸಿರಲಿಲ್ಲ.

ಚರ್ಚಿಗೆ ಹೋಗಿದ್ದ ಐಲಿ ಹನ್ನೆರಡೂವರೆಗೆ ಮರಳಿದಳು. ಬಾಗಿಲಲ್ಲೇ ನಿಂತಳು, ಕೋಟು ಬಿಚ್ಚಲಿಲ್ಲ.

"ರೂಡಿ ಇಲ್ಲಿಗೆ ಬಂದಿದ್ನಾ?"

"ಇಲ್ಲಿಗಾ? ತಲೆ ಸರಿ ಇದೆಯಾ ನಿನಗೆ?"

"ಚರ್ಚಲ್ಲಿ ಕಾಫಿ ಕುಡೀವಾಗ ಡೋರೀನ್ ಸಿಕ್ಕಿದ್ಲು. 'ರೂಡಿ ನಿಮ್ಮನೇಲಿ ಇದಾರಾ, ಹುಷಾರಿಲ್ವಾ' ಅಂತ ಕೇಳಿದ್ಲು. ಗುರುವಾರದಿಂದ ಪೇಪರ್ ತಗೊಳ್ಳೋಕೆ ಬಂದಿಲ್ವಂತೆ. ಪೇಪರ್ ಪೆಟ್ಟಿಗೆ ಹಿಮದಲ್ಲಿ ಹೂತುಹೋಗಿದೆ, ಅದಕ್ಕೆ ದಾರೀಲೇ ಎಸೆದು ಹೋದೆ, ಅಂದ್ಲು. ಬೆಳಿಗ್ಗೆ ದಾರಿ ತೆಗೆದಿರುತ್ತಲ್ಲ, ಅಣ್ಣ ದಿನಾ ಬರ್ತಾರೆ, ಏನಾದ್ರೂ ಆಗಿದ್ರೆ ಅವರಿಗೆ ಗೊತ್ತಾಗಿರುತ್ತೆ ಅಂದ್ಕೊಂಡ್ಲಂತೆ."

ವಿಲ್ಹೊ ಕೈಯಲ್ಲಿದ್ದ ಲೋಟವನ್ನು ಮೇಜಿನ ಮೇಲಿಟ್ಟ. ಗುರುವಾರ, ಶುಕ್ರವಾರ, ಶನಿವಾರ. ಮೂರು ಪೇಪರು. ಎರಡು ಪಿನ್ನು.

"ನೀನು ದಿನಾ ಹೋಗ್ತೀಯಲ್ಲ" ಅಂದಳು ಐಲಿ. "ಏನೂ ಕಾಣಿಸ್ಲಿಲ್ವಾ?"

ಅವನು ಆಗಲೇ ಬೂಟಿಗೆ ಕಾಲು ತೂರಿಸುತ್ತಿದ್ದ.

ಎರಡು ಮನೆಗೂ ನಡುವೆ ಕಾಲು ಮೈಲಿ. ಅರವತ್ತೊಂದರ ವಯಸ್ಸಿನಲ್ಲಿ ಅದನ್ನು ಓಡಿದ, ನಿಂತ, ಮತ್ತೆ ಓಡಿದ. ರೂಡಿಯ ದಾರಿಯ ಬಾಯಲ್ಲಿ, ಬೆಳಿಗ್ಗೆ ತಾನು ತೆರೆದು ಹೋದ ಮೇಲೆ ಕೌಂಟಿಯ ಲಾರಿ ತಳ್ಳಿದ ಹಿಮ ಎದೆಯುದ್ದದ ಗೋಡೆಯಾಗಿ ನಿಂತಿತ್ತು. ಹತ್ತಿ ಆಚೆಗಿಳಿದು, ನಾಲ್ಕು ವರ್ಷದ ಮೇಲೆ ಮೊದಲ ಸಲ ಆ ಮನೆಯತ್ತ ನೋಡಿದ. ಅಡುಗೆಮನೆಯ ಮೆಟ್ಟಿಲಿನಿಂದ ದಾರಿಯವರೆಗೆ ರೂಡಿ ದಿನಾ ಸಲಿಕೆಯಲ್ಲಿ ತೆಗೆಯುವ ಕಾಲುಹಾದಿ ಇರಲೇ ಇಲ್ಲ. ಮೂರು ದಿನದ ಹಿಮ ಮೊಣಕಾಲಿನ ಮಟ್ಟಕ್ಕೆ, ಒಂದು ಹೆಜ್ಜೆಗುರುತೂ ಇಲ್ಲದೆ, ಬಾಗಿಲಿಗೆ ಒರಗಿ ನಿಂತಿತ್ತು. ತಾನು ತೆರೆದ ದಾರಿ ಅದರಿಂದ ಇಪ್ಪತ್ತು ಅಡಿ ದೂರದಲ್ಲಿ ನೀಟಾಗಿ ಮುಗಿದಿತ್ತು. ಕುರುಡನಿಗೂ ಕಾಣುವಂಥದ್ದು.

ಆ ಕಡೆಯಲ್ಲಿ ಯಾರೂ ಬಾಗಿಲಿಗೆ ಬೀಗ ಹಾಕುವುದಿಲ್ಲ. ರೂಡಿ ಒಲೆಗೂ ಮೇಜಿಗೂ ನಡುವೆ ಬಿದ್ದಿದ್ದ. ಒಂದು ಕಾಲಿಗೆ ಬೂಟಿತ್ತು. ಇನ್ನೊಂದು ಬೂಟು ಕುರ್ಚಿಯ ಪಕ್ಕದಲ್ಲಿತ್ತು. ನೆಲದ ಚಿಂದಿಗಂಬಳಿಯನ್ನು ಮೈಮೇಲೆ ಎಳೆದುಕೊಂಡಿದ್ದ. ಸೌದೆ ಒಲೆ ತಣ್ಣಗಾಗಿ ದಿನಗಳಾಗಿದ್ದವು. ಗೋಡೆಯ ಗ್ಯಾಸ್ ಹೀಟರು ಸಣ್ಣಗೆ ಉರಿಯುತ್ತಿದ್ದದ್ದರಿಂದ ಬದುಕಿದ್ದ. ಬೆಕ್ಕು ಅವನ ಎದೆಗೆ ಅಂಟಿ ಮಲಗಿತ್ತು. ಬೆಕ್ಕಿನ ನೀರಿನ ಬಟ್ಟಲು ಅವನ ಕೈಯ ಹತ್ತಿರ ಖಾಲಿಯಾಗಿ ಬಿದ್ದಿತ್ತು. ಇನ್ನೊಂದು ಕೈಯಲ್ಲಿ ಕೆಂಡ ಕೆದಕುವ ಕಬ್ಬಿಣದ ಕೋಲು.

"ರೂಡಿ."

ಕಣ್ಣು ತೆರೆಯಿತು. ತುಟಿ ಒಡೆದು ರಕ್ತ ಕಪ್ಪಗಾಗಿತ್ತು. "ಇವತ್ತು ಮುರೀಲಿಲ್ಲ" ಅಂದ, ಅಥವಾ ವಿಲ್ಹೊನಿಗೆ ಹಾಗೆ ಕೇಳಿಸಿತು.

ಗೋಡೆಯ ಮೇಲಿದ್ದ ಫೋನಿನಿಂದ ಆಂಬುಲೆನ್ಸಿಗೆ ಹೇಳಿದ. ಅಷ್ಟರಲ್ಲಿ ಐಲಿ ಏದುಸಿರು ಬಿಡುತ್ತ ಬಂದಳು. ಅವಳು ನೆಲದ ಮೇಲೆ ಕೂತು ರೂಡಿಯ ತುಟಿಗೆ ಒದ್ದೆಬಟ್ಟೆ ಒತ್ತತೊಡಗಿದಾಗ ವಿಲ್ಹೊ ಟ್ರಾಕ್ಟರು ತರಲು ವಾಪಸ್ಸು ಓಡಿದ. ಎದೆಯುದ್ದದ ಗೋಡೆಯನ್ನು ಒಡೆಯದೆ ಆಂಬುಲೆನ್ಸ್ ಒಳಗೆ ಬರುವಂತಿರಲಿಲ್ಲ.

ಶೆಡ್ಡಿನಲ್ಲಿ ಒಂದು ಗಳಿಗೆ ಅವನ ಕೈ ಜೇಬಿಗೆ ಹೋಯಿತು. ಎರಡೂ ಮೆದು ಪಿನ್ನುಗಳು ಬೆರಳಿಗೆ ಸಿಕ್ಕವು. ನಾಲ್ಕು ನಿಮಿಷದ ಕೆಲಸ. ನಾಲ್ಕು ನಿಮಿಷ ಈಗ ಹೆಚ್ಚೆನಿಸಿತು. ಹಾಗೆಯೇ ಹತ್ತಿ ಹೊರಟ.

ಲಾರಿ ತಳ್ಳಿದ ಹಿಮ ಆಕಾಶದಿಂದ ಬಿದ್ದ ಹಿಮದಂತಲ್ಲ. ರಸ್ತೆಯಿಂದ ಎದ್ದ ಮಂಜುಗಡ್ಡೆಯ ಹೆಂಟೆಗಳು ಅದರೊಳಗೆ ಕಲ್ಲಿನ ಹಾಗೆ ಕೂತಿರುತ್ತವೆ. ಎರಡನೆಯ ಸಲ ಹಿಂದಕ್ಕೆ ನುಗ್ಗಿದಾಗ ಬಕೆಟ್ಟಿನಷ್ಟು ದೊಡ್ಡದೊಂದು ಹೆಂಟೆ ಸುರುಳಿಗೂ ಬ್ಲೋವರಿನ ಗೋಡೆಗೂ ನಡುವೆ ಸಿಕ್ಕಿಕೊಂಡಿತು. ಮೆದು ಪಿನ್ನಾಗಿದ್ದರೆ ಟಪ್ಪೆನ್ನುತ್ತಿತ್ತು. ಈಗ ಬೇರೊಂದು ಸದ್ದಾಯಿತು, ಮರ ಸೀಳಿದ ಹಾಗೆ. ಗೇರ್‌ಬಾಕ್ಸಿನ ಎರಕ ಉದ್ದಕ್ಕೆ ಬಾಯಿಬಿಟ್ಟು, ಕರಿ ಎಣ್ಣೆ ಹಿಮದ ಮೇಲೆ ಹರಿಯಿತು. ಗೋಡೆ ಅರ್ಧವೂ ಒಡೆದಿರಲಿಲ್ಲ.

ಆಂಬುಲೆನ್ಸ್ ಬಂದದ್ದು ಒಂದೂ ಇಪ್ಪತ್ತಕ್ಕೆ. ಅದರಲ್ಲಿದ್ದ ಇಬ್ಬರು, ವಿಲ್ಹೊ, ಐಲಿ ಸೇರಿ ರೂಡಿಯನ್ನು ಅವನದೇ ಸೌದೆ ಎಳೆಯುವ ಜಾರುಬಂಡಿಯ ಮೇಲೆ ಮಲಗಿಸಿ ಎಳೆದರು. ಗೋಡೆ ಹತ್ತಿಸಿ ಇಳಿಸುವುದೇ ಕಷ್ಟವಾಯಿತು. ಸೊಂಟದ ಮೂಳೆ ಮುರಿದವನನ್ನು ಓರೆ ಮಾಡುವಂತಿಲ್ಲ. ಒಟ್ಟು ಇಪ್ಪತ್ತೆರಡು ನಿಮಿಷ. ಗೋಡೆಯ ಮೇಲೆ ಅವರು ಉಸಿರಿಗೆ ನಿಂತಾಗ ರೂಡಿಯ ಕಣ್ಣು ಪಕ್ಕಕ್ಕೆ ಹೊರಳಿತು. ಅಲ್ಲಿ ಬ್ಲೋವರಿತ್ತು, ಎಣ್ಣೆಯ ಕರಿಮಡುವಿತ್ತು, ಅದರಾಚೆ ಬಣ್ಣದ ಕಾಗದದ ಚೂರುಗಳಿದ್ದವು.

"ಗೇರ್‌ಬಾಕ್ಸಾ?"

"ಹೂಂ" ಅಂದ ವಿಲ್ಹೊ. ಹೇಳುವುದಿದ್ದರೆ ಆಗಲೇ ಹೇಳಬೇಕಿತ್ತು. ಆಂಬುಲೆನ್ಸಿನ ಬಾಗಿಲು ಮುಚ್ಚಿತು.

ಸೋಮವಾರ ಡೆಪ್ಯುಟಿ ಹೋದ ಮೇಲೆ ಅವನು ಬ್ಲೋವರಿನ ಮುಂದೆ ಮಂಡಿಯೂರಿ ಆ ಬೋಲ್ಟನ್ನು ಬಿಚ್ಚಿದ. ಬಗ್ಗಿರಲಿಲ್ಲ, ಸವೆದಿರಲಿಲ್ಲ. ಅಂಗಡಿಯಲ್ಲಿಟ್ಟರೆ ಮತ್ತೆ ಮಾರಬಹುದಿತ್ತು.

ಬುಧವಾರ ಮಧ್ಯಾಹ್ನ ಪಟ್ಟಣದ ಆಸ್ಪತ್ರೆಯಲ್ಲಿ ರೂಡಿಯನ್ನು ನೋಡಲು ಬಿಟ್ಟರು. ಸೊಂಟಕ್ಕೆ ಕಬ್ಬಿಣ ಹಾಕಿದ್ದರು. ಅರವತ್ತೊಂಬತ್ತು ಗಂಟೆ ನೀರಿಲ್ಲದೆ ಬಿದ್ದಿದ್ದರಿಂದ ಮೂತ್ರಪಿಂಡ ಇನ್ನೂ ಸರಿಯಾಗಿ ಕೆಲಸ ಮಾಡುತ್ತಿಲ್ಲ, ಈ ವಾರ ಏನೂ ಹೇಳಲಾಗದು ಎಂದು ಡಾಕ್ಟರು ಬಾಗಿಲ ಹೊರಗೆ ನಿಲ್ಲಿಸಿ ಹೇಳಿದರು. ಐಲಿ ಏಲಕ್ಕಿ ಹಾಕಿದ ನಿಸು ಬ್ರೆಡ್ ಕಳಿಸಿದ್ದಳು. ಕೊಡಬಾರದೆಂದು ನರ್ಸು ಇಸಕೊಂಡು ಇಟ್ಟಳು. ವಿಲ್ಹೊ ಬರಿಗೈಯಲ್ಲಿ ಒಳಗೆ ಹೋಗಿ ಕುರ್ಚಿಯ ತುದಿಯಲ್ಲಿ ಕೂತ.

"ಬೆಕ್ಕು?" ಅಂದ ರೂಡಿ.

"ನಮ್ಮನೇಲಿದೆ. ಐಲಿ ಮೀನು ಹಾಕ್ತಿದಾಳೆ."

"ಅಭ್ಯಾಸ ಕೆಡಿಸ್ತಾಳೆ."

ರೂಡಿ ಚಾವಣಿಯತ್ತ ನೋಡುತ್ತ ಹೇಳತೊಡಗಿದ.

"ಗುರುವಾರ ಪೇಪರಿಗೆ ಅಂತಾನೇ ಹೊರಟಿದ್ದೆ. ಬೂಟು ಹಾಕ್ಕೊಳ್ತಾ ಬಿದ್ದೆ. ಡೋರೀನ್ ಕಾರು ಬಂತು, ಹೋಯ್ತು. ಶುಕ್ರವಾರ ನಿನ್ನ ಪಿನ್ನು ಟಪ್ ಅಂತು. ಇಂಜಿನ್ ನಿಂತಿತು. ಬಂದ ಇವನು ಅಂದ್ಕೊಂಡು ಕೂಗಿದೆ."

"ಕೇಳಿಸ್ಲಿಲ್ಲ ಕಣೋ."

"ಶನಿವಾರಾನೂ ಟಪ್ ಅಂತು. ಅಷ್ಟು ಹೊತ್ತಿಗೆ ಗಂಟಲು ಹೋಗಿತ್ತು. ಕೋಲು ತಗೊಂಡು ಒಲೆ ಬಡಿದೆ. ನೀನೂ ಬಡೀತಿದ್ದೆ. ನೀನು ನಿಲ್ಲಿಸಿದ ಮೇಲೂ ಬಡಿದೆ."

ವಿಲ್ಹೊ ತನ್ನ ಮಂಡಿಯ ಮೇಲಿದ್ದ ಕೈಗಳನ್ನೇ ನೋಡುತ್ತಿದ್ದ. ಠಣ್ ಠಣ್ ಎಂದ ಮರುದನಿ ಅವನ ಕಿವಿಯಲ್ಲಿ ಇನ್ನೂ ಇತ್ತು. ತೆರೆದ ಬಯಲಲ್ಲಿ, ಮೆತ್ತನೆಯ ಹಿಮದ ಮೇಲೆ, ಮರುದನಿ ಹುಟ್ಟುವುದಿಲ್ಲ. ಅದೂ ಅವನಿಗೆ ಗೊತ್ತಿದ್ದದ್ದೇ.

"ಭಾನುವಾರ ಬೆಳಗಾಗೋದನ್ನೇ ಕಾಯ್ತಿದ್ದೆ. ಇವತ್ತೂ ಪೇಪರ್ ಬಿದ್ದಿರುತ್ತೆ, ಇವತ್ತೂ ಪಿನ್ನು ಮುರಿಯುತ್ತೆ, ಮೂರ್ನೇ ದಿನಾನಾದ್ರೂ ಏನಪ್ಪಾ ಇದು ಅಂತ ಬೈಯೋಕಾದ್ರೂ ಬಾಗಿಲಿಗೆ ಬರ್ತಾನೆ ಅಂತ. ಇಂಜಿನ್ ಮುಕ್ಕಿರಿದಿದ್ದು ಕೇಳಿಸ್ತು. ಆಮೇಲೆ ನೀನು ಏನೋ ಕೂಗಿದೆ. ಹೊರಟೋದೆ." ರೂಡಿ ದಿಂಬಿನ ಮೇಲೆ ತಲೆ ಹೊರಳಿಸಿದ. "ಯಾಕೆ ಮುರೀಲಿಲ್ಲ, ವಿಲ್ಹೊ?"

ಡೆಪ್ಯುಟಿ ಕೇಳದೆ ಬಿಟ್ಟ ಪ್ರಶ್ನೆ ಅದು. ಉತ್ತರ ಸಿದ್ಧವಾಗಿಯೇ ಇತ್ತು: ಮೆದು ಪಿನ್ನು ಮುಗಿದಿತ್ತು, ಭಾನುವಾರ ಸುಲೊನ ಅಂಗಡಿ ಮುಚ್ಚಿರುತ್ತದೆ. ಸುಲೊ ಒಬ್ಬನನ್ನು ಬಿಟ್ಟರೆ ಯಾರೂ ಸುಳ್ಳೆನ್ನುವಂತಿರಲಿಲ್ಲ.

ವಿಲ್ಹೊ ಜೇಬಿನಿಂದ ಬೋಲ್ಟು ತೆಗೆದು ತಮ್ಮನ ಅಂಗೈಯಲ್ಲಿಟ್ಟ.

ರೂಡಿ ನೋಡಲಿಲ್ಲ. ಹೆಬ್ಬೆರಳಿನಿಂದ ತಲೆಯನ್ನು ಸವರಿ ಎಣಿಸಿದ. "ಆರು."

"ಹೂಂ."

"ಎಲ್ಲಿಂದು?"

"ನನ್ನ ಡಬ್ಬಿದು. ಆವತ್ತಿಂದೂ ನನ್ನ ಡಬ್ಬಿದೇ. ನಾನೇ ಹಾಕಿಟ್ಟಿದ್ದು. ಆ ವರ್ಷ ಏಪ್ರಿಲಲ್ಲೇ ಗೊತ್ತಾಯ್ತು ನನಗೆ."

"ಏಪ್ರಿಲಲ್ಲಿ" ಎಂದು ರೂಡಿ ಮೆಲ್ಲಗೆ ಅಂದ. ಬೆರಳು ಇನ್ನೂ ಗೀರುಗಳ ಮೇಲೆ ಓಡಾಡುತ್ತಿತ್ತು. "ಭಾನುವಾರ ಮೆದುಪಿನ್ನು ಇರ್ಲಿಲ್ವಾ?"

"ಜೇಬಲ್ಲಿತ್ತು. ಎರಡು." ವಿಲ್ಹೊ ಜೇಬು ಮುಟ್ಟಿಕೊಂಡ. "ನೀನು ಬೇಕಂತ ಪೇಪರ್ ಹಾಕ್ತಿದೀಯ ಅಂದ್ಕೊಂಡೆ. ಸುಲೊ ಹತ್ರ ಕೇಳಿದ್ಯಂತಲ್ಲ. ಸೇಡು ಅಂದ್ಕೊಂಡೆ."

ಗೋಡೆಯಾಚೆ ಯಾರೋ ಗಾಡಿ ತಳ್ಳಿಕೊಂಡು ಹೋದರು. ರೂಡಿ ಕಣ್ಣು ಮುಚ್ಚಿದ್ದ. ನಿದ್ದೆ ಬಂತೇನೋ ಎಂದುಕೊಂಡು ವಿಲ್ಹೊ ಏಳಲು ಹೊರಟಾಗ ಮಾತು ಬಂತು.

"ಹಿಮ ಬೀಳ್ತಿದೆಯಾ?"

ವಿಲ್ಹೊ ಕಿಟಕಿ ನೋಡಿದ. "ಶುರುವಾಗಿದೆ."

"ರಸ್ತೆ ಮನೆಗಳ ದಾರಿ ಯಾರು ತೆಗೀತಾರೆ?"

"ಹಿಲ್ಯಾ ಅಳಿಯನ ಹತ್ರ ಸಣ್ಣದೊಂದು ಮೆಷಿನ್ ಇದೆ. ಮಿಕ್ಕಿದ್ದಕ್ಕೆ ಸಲಿಕೆ."

"ನನ್ನ ದಾರಿ ಬಿಟ್ಬಿಡು" ಅಂದ ರೂಡಿ. ಸಿಟ್ಟಿನಿಂದಲ್ಲ, ಅಂಗಡಿಯಲ್ಲಿ ಅಳತೆ ಹೇಳುವ ದನಿಯಲ್ಲಿ. "ಅಲ್ಲಿ ಈಗ ಯಾರೂ ಇಲ್ಲ."

ಬೋಲ್ಟನ್ನು ಅವನು ಹಿಂದಕ್ಕೆ ಕೊಡಲಿಲ್ಲ. ಮುಷ್ಟಿ ಮುಚ್ಚಿ ಗೋಡೆಯ ಕಡೆ ಮುಖ ಮಾಡಿದ.

ಮರುದಿನ ಬೆಳಿಗ್ಗೆ ಎಂಟು ಇಂಚು ಬಿದ್ದಿತ್ತು. ವಿಲ್ಹೊ ಏಳು ಗಂಟೆಗೆ ಸಲಿಕೆ ಹಿಡಿದು ರೂಡಿಯ ದಾರಿಯ ಬಾಯಿಗೆ ಹೋದ. ಸಲಿಕೆಯಲ್ಲಿ ತೆಗೆಯುವವನು ಹಿಮ್ಮುಖವಾಗಿ ಹೋಗಲಾರ. ಮನೆಯ ಕಡೆ ನೋಡಿಕೊಂಡೇ ಹೋಗಬೇಕು. ಹತ್ತು ಹತ್ತು ಸಲಿಕೆಗೆ ನಿಂತು ಕಿವಿಯ ಮೇಲಿನ ಟೋಪಿ ಎತ್ತಿ ಆಲಿಸುತ್ತಿದ್ದ. ಏನೂ ಕೇಳಿಸುತ್ತಿರಲಿಲ್ಲ. ಮೆಟ್ಟಿಲು ಮುಟ್ಟುವಾಗ ಹತ್ತೂ ಕಾಲು ಆಗಿತ್ತು. ತಿರುಗಿ ನೋಡಿದರೆ, ದಾರಿಯ ಬಾಯಿಯನ್ನು ಕೌಂಟಿಯ ಲಾರಿ ಆಗಲೇ ಮತ್ತೆ ಮುಚ್ಚಿ ಹೋಗಿತ್ತು.